ಹಲಗೂರು ಸಂಧಾನ

ಮಳವಳ್ಳಿ ಪೇಟೆಯಲ್ಲಿ ಶಾಮಿಯಾನ ಅಂಗಡಿ ಇಟ್ಟಿರುವ ಕೆಂಪರಾಜುವಿಗೆ ಮಗಳ ಮೇಲೊಂದು ದೊಡ್ಡ ದೂರಿತ್ತು. ಊರವರ ಮಕ್ಕಳೆಲ್ಲ ಟೀಚರು, ನರ್ಸು, ಪೊಲೀಸು ಎಂದು ಅರ್ಥವಾಗುವ ಕೆಲಸಕ್ಕೆ ಆಸೆಪಟ್ಟರೆ, ಮಂಡ್ಯದಲ್ಲಿ ಎಂ.ಎ. ಮುಗಿಸಿ ಬಂದ ಇವನ ಒಬ್ಬಳೇ ಮಗಳು ಶೋಭಿತಾ ರಾಯಭಾರಿ ಆಗುತ್ತೇನೆಂದು ಹಟ ಹಿಡಿದು ಕೂತಿದ್ದಳು. ಅದಕ್ಕೊಂದು ಪರೀಕ್ಷೆಯಂತೆ, ಆ ಪರೀಕ್ಷೆಗೆ ಡೆಲ್ಲಿಯಲ್ಲಿ ವರ್ಷವಿಡೀ ಓದಬೇಕಂತೆ. ಅಂಗಡಿಗೆ ಬಂದವರು "ಮಗ್ಳು ಏನ್ಮಾಡ್ತಾವ್ಳೆ?" ಎಂದರೆ ಕೆಂಪರಾಜು ಮೈಕಿನ ವೈರು ಸುತ್ತುತ್ತಾ ಕೇಳಿಸದವನಂತೆ ಇದ್ದುಬಿಡುತ್ತಿದ್ದ.

ಆದರೆ ಕುತೂಹಲ ಸುಮ್ಮನೆ ಬಿಡಬೇಕಲ್ಲ! ಒಂದು ಸಂಜೆ ಕಾಫಿ ಕುಡಿಯುತ್ತಾ ಕೇಳಿಯೇಬಿಟ್ಟ.

"ಅಲ್ಲ ಮಗ, ಈ ರಾಯಭಾರಿ ಅನ್ನೋನು ಬೆಳಿಗ್ಗೆ ಎದ್ದು ಏನ್ ಕೆಲ್ಸ ಮಾಡ್ತಾನೆ?"

"ಆ ದೇಶದ ಪೇಪರ್ ಓದ್ತಾನೆ ಅಪ್ಪ. ದೊಡ್ಡೋರ ಮನೆಗೆ ಊಟಕ್ಕೆ ಹೋಗ್ತಾನೆ. ಅವ್ರ ಮನಸಲ್ಲಿ ಏನೈತೆ ಅಂತ ತಿಳ್ಕೊಂಡು ನಮ್ಮ ಸರ್ಕಾರಕ್ಕೆ ಹೇಳ್ತಾನೆ."

"ಕಂಡೋರ ಮನೇಲಿ ಉಣ್ಣಾದು, ಅವ್ರ ಇಸ್ಯನ ತಂದು ಇಲ್ಲಿ ಏಳಾದು. ಇದ್ನ ನಿಮ್ಮವ್ವ ಸಂಬ್ಳ ಇಲ್ದೆ ಮಾಡ್ತಾವ್ಳಲ್ಲ!"

ಒಳಗಿದ್ದ ನಯನ (ಇವನ ಧರ್ಮಪತ್ನಿ, ಒಗ್ಗರಣೆ ಸದ್ದಿನಲ್ಲೂ ತನ್ನ ಸುದ್ದಿ ಬಂದರೆ ಸ್ಪಷ್ಟವಾಗಿ ಕೇಳಿಸುತ್ತದೆ) ಸೌಟು ಹಿಡಿದೇ ಬಾಗಿಲಿಗೆ ಬಂದಳು. "ನಾನ್ ಮಾಡಾದ್ರಿಂದ್ಲೇ ನಾಕ್ ಜನ ಈ ಮನೆಗ್ ಬರಾದು. ನಿಮ್ನ ನಂಬ್ಕಂಡಿದ್ರೆ? ಒಡುಟ್ಟಿದ ಅಕ್ಕನೇ ಮಾತಾಡ್ಸಾಕಿಲ್ಲ!"

ಮಾತು ನಾಟಿತು. ಹಲಗೂರಿನ ಅಕ್ಕ ಮುದ್ದಮ್ಮ ಇವನ ಮೇಲೆ ಮುನಿಸಿಕೊಂಡಿದ್ದಳು. ಕಾರಣ, ಹೋದ ವರ್ಷದ ಗೃಹಪ್ರವೇಶ. ಹೆಣ್ಣುಮಗಳನ್ನು ಶುಭಕಾರ್ಯಕ್ಕೆ ಕರೆಯುವುದೆಂದರೆ ಅವಳ ಮನೆ ಬಾಗಿಲಿಗೇ ಹೋಗಿ ಕುಂಕುಮ, ಎಲೆ ಅಡಿಕೆ ಕೊಟ್ಟು ಕರೆಯಬೇಕು. ಮದುವೆ ಸೀಸನ್ನಿನಲ್ಲಿ ಶಾಮಿಯಾನ ಕಟ್ಟಿ ಬಿಚ್ಚುವುದರಲ್ಲೇ ಮುಳುಗಿದ್ದ ಕೆಂಪರಾಜು, ಪತ್ರಿಕೆ, ಕುಂಕುಮ, ಎಲೆ ಅಡಿಕೆ ಎಲ್ಲವನ್ನೂ ಒಂದು ಕವರಿಗೆ ತುಂಬಿ ಹಲಗೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸಿದ್ದ. ಕಂಡಕ್ಟರ್ ಪಾಪ ಪ್ರಾಮಾಣಿಕ, ತಲುಪಿಸಿದ. ಮುದ್ದಮ್ಮ ಮಾತ್ರ "ನನ್ನ ಕರ್ದೋನು ಕಂಡಕ್ಟ್ರು. ಅವ್ನ ಮನೇಲಿ ಏನಾರ ಆದ್ರೆ ಓಯ್ತೀನಿ" ಎಂದಳಂತೆ. ಗೃಹಪ್ರವೇಶಕ್ಕೆ ಬರಲಿಲ್ಲ. ಅವಳು ಫೋನ್ ಎತ್ತಲಿಲ್ಲ, ಇವನು ಮತ್ತೆ ಮಾಡಲಿಲ್ಲ. ಸೊಂಟದ ಮೇಲೆ ಹೊತ್ತು ಸಾಕಿದ ಅಕ್ಕ. ಅವಳ ನೆನಪಾದಾಗಲೆಲ್ಲ ಇವನಿಗೆ ಸಂಕಟ.

ಆ ಸಂಕಟದಲ್ಲೇ ಒಂದು ದಿವ್ಯ ಉಪಾಯ ಹೊಳೆಯಿತು.

"ಮಗ, ಬರೋ ಸನಿವಾರ ಮುತ್ತತ್ತಿ ದೇವ್ರ ತಾವ ಅರಕೆ ಊಟ ಆಕುಸ್ತೀವಲ್ಲ, ಅದ್ಕೆ ನಿಮ್ಮತ್ತೇನ ಒಪ್ಪಿಸ್ಕೊಂಡು ಬಾ. ಒಪ್ಪುದ್ರೆ ನೀನು ಡೆಲ್ಲಿಗೆ ಓಗು. ಇಲ್ಲಾಂದ್ರೆ ಸುಮ್ಕೆ ಇಲ್ಲೇ ಬಿ.ಎಡ್. ಮಾಡು."

ಅಕ್ಕ ಜಪ್ಪಯ್ಯ ಅಂದರೂ ಬಗ್ಗುವುದಿಲ್ಲವೆಂಬ ಧೈರ್ಯ ಅವನಿಗೆ. ನಿಜ ಹೇಳಬೇಕೆಂದರೆ ಅವನಿಗೆ ಡೆಲ್ಲಿಯ ಮೇಲಾಗಲಿ ರಾಯಭಾರಿಗಳ ಮೇಲಾಗಲಿ ಸಿಟ್ಟಿರಲಿಲ್ಲ. ಮಗಳಿಲ್ಲದ ಮನೆಯಲ್ಲಿ ಕೂತು ಉಣ್ಣುವುದು ಹೇಗೆಂಬ ಹೆದರಿಕೆ, ಅಷ್ಟೆ. ಅದನ್ನು ಬಾಯಿಬಿಟ್ಟು ಹೇಳಲಾಗದೆ ಪಂದ್ಯ ಕಟ್ಟಿದ್ದ.

ಶೋಭಿತಾ ಮಾರನೇ ದಿನ ಹಲಗೂರಿಗೆ ಹೋಗಿ ಸಂಜೆಗೆ ವಾಪಸು ಬಂದಳು.

"ಅತ್ತೆ ಬರ್ತಾಳೆ. ಒಂದೇ ಷರತ್ತು. ನಾಳೆ ನೀನೇ ಹೋಗಿ ಬಾಗ್ಲಲ್ಲಿ ನಿಂತು ಕರೀಬೇಕಂತೆ."

"ನಾನಾ? ಬಾಗ್ಲಲ್ಲಾ?" ಕೆಂಪರಾಜು ಕೂಗಾಡಿದ, ಹಾರಾಡಿದ. ಹೋಗದಿದ್ದರೆ ತನ್ನಿಂದಲೇ ಮಗಳು ಸೋತಂತೆ. ಹೋದರೆ ಮಗಳು ಡೆಲ್ಲಿಗೆ. ನಯನ ಬೇರೆ "ಗಂಡಸ್ರ ಮಾತು ಏನಾಯ್ತು?" ಎಂದು ಪಾತ್ರೆ ಕುಕ್ಕಿದಳು. ಕೊನೆಗೆ ಅವನೊಂದು ರಾಜತಂತ್ರ ಹೂಡಿದ. ಹೋಗುವುದು, ಆದರೆ ಅಕ್ಕ ತಾನೇ ಸಿಡಿದೆದ್ದು ಬರುವುದಿಲ್ಲ ಎನ್ನುವಂತೆ ಒರಟಾಗಿ ಕರೆಯುವುದು. "ಬಂದ್ರೆ ಬಾ, ಬುಟ್ರೆ ಬುಡು" ಎಂಬ ಮಾತನ್ನು ಬೈಕಿನ ಮೇಲೆ ದಾರಿಯುದ್ದಕ್ಕೂ ಅಭ್ಯಾಸ ಮಾಡಿದ. ಹಲಗೂರು ಬರುವಷ್ಟರಲ್ಲಿ ಬಾಯಿಪಾಠವಾಗಿತ್ತು.

ಮುದ್ದಮ್ಮ ಬಾಗಿಲಲ್ಲೇ ನಿಂತಿದ್ದಳು. ಒಂದೇ ವರ್ಷದಲ್ಲಿ ತಲೆ ಪೂರ್ತಿ ಬೆಳ್ಳಗಾಗಿತ್ತು. ಕೆಂಪರಾಜು "ಬಂದ್ರೆ..." ಎಂದ. ಮುಂದಿನದು ಬರಲಿಲ್ಲ, ಅಳು ಬಂತು. ಕುಂಕುಮದ ಪೊಟ್ಟಣ ಹಿಡಿದುಕೊಂಡೇ ಅಕ್ಕನ ಕಾಲಿಗೆ ಬಿದ್ದ.

"ಏಳ್ಲಾ ಮ್ಯಾಲಕ್ಕೆ! ಬಡ್ಡೈದ್ನೆ, ಎಷ್ಟು ಒಣಗೋಗಿದ್ದೀಯ!" ಎಂದು ಅವಳೂ ಅತ್ತಳು.

ಕೋಳಿ ಸಾರು, ಮುದ್ದೆ ಬಡಿಸಿದಾಗ ಕೆಂಪರಾಜು ಮೆಲ್ಲಗೆ ಕೆಣಕಿದ. "ಅಲ್ಲ ಅಕ್ಕ, ಒಡುಟ್ಟಿದ ತಮ್ಮಂಗೆ ಬಾಗ್ಲಲ್ಲಿ ನಿಂತು ಕರೀಬೇಕು ಅಂತ ಕಂಡೀಸನ್ನಾ?"

"ನಾನ್ಯಾವಾಗ್ಲಾ ಕಂಡೀಸನ್ ಆಕ್ದೆ? ನಿನ್ ಮಗ್ಳು ಬಂದು, 'ಅಪ್ಪ ನಿನ್ನ ನೆನಸ್ಕಂಡು ನೆಟ್ಗೆ ಊಟನೇ ಮಾಡಾಕಿಲ್ಲ, ನಾಳೆ ಅವ್ನೇ ಕರಿಯಾಕೆ ಬತ್ತಾನೆ' ಅಂದ್ಲು. ಅದ್ಕೇ ಕಣ್ಲಾ ಕೋಳಿ ಕುಯ್ಸಿದ್ದು!"

ಮನೆಗೆ ಬಂದವನೇ ಮಗಳ ಮುಂದೆ ನಿಂತ. "ಇಬ್ರಿಗೂ ಸುಳ್ಳೇಳ್ದಲ್ಲವ್ವ!"

"ಎಲ್ಲಪ್ಪ ಸುಳ್ಳು? ನೀನು ಹೋಗ್ತೀಯ ಅಂದೆ, ಹೋದೆ. ಅತ್ತೆ ಬರ್ತಾಳೆ ಅಂದೆ, ಬರ್ತಾಳೆ."

ಕೆಂಪರಾಜು ಬೈಕಿನ ಕೀಲಿಯನ್ನು ಮೊಳೆಗೆ ನೇತುಹಾಕಿದ. "ಡೆಲ್ಲಿಗೆ ಯಾವಾಗ ಓಯ್ತೀಯ?" ಎಂದ ಸಣ್ಣ ದನಿಯಲ್ಲಿ.

"ಮುತ್ತತ್ತಿ ಊಟ ಆದ ಮಾರನೇ ದಿನ. ನೀನು ಪಂದ್ಯ ಕಟ್ಟಿದ ಸಂಜೇನೇ ರೈಲು ಟಿಕೆಟ್ ಮಾಡ್ಸಿದೆ."

"ನಿಮ್ಮತ್ತೆ ಮೇಲೆ ಅಷ್ಟು ನಂಬ್ಕೆನಾ?"

"ಅತ್ತೆ ವಿಷ್ಯ ಗೊತ್ತಿರ್ಲಿಲ್ಲ ಅಪ್ಪ. ಅತ್ತೇನ ನೋಡುದ್ರೆ ನೀನು ಅತ್ಬುಡ್ತೀಯ ಅಂತ ಗೊತ್ತಿತ್ತು."

"ನಾನಾ? ಅಳಾದಾ? ಬಾಗ್ಲಲ್ಲಿ ನಿಂತು, ಬಂದ್ರೆ ಬಾ, ಬುಟ್ರೆ ಬುಡು ಅಂತ ಮುಖಕ್ ಒಡ್ದಂಗೆ ಏಳ್ಬುಟ್ಟು ಬಂದಿವ್ನಿ!" ಎಂದು ಕೆಂಪರಾಜು ಗುಡುಗಿದ.

"ಊ, ನಿಮ್ಮಕ್ಕ ಆಗ್ಲೇ ಫೋನ್ ಮಾಡಿದ್ರು ಕಣಿ" ಎಂದಳು ಒಳಗಿನಿಂದ ನಯನ. "ಅವ್ರ ಸೀರೆ ಸೆರಗೆಲ್ಲ ಒದ್ದೆ ಮಾಡಿದ್ರಂತಲ್ಲ?"