ಚಂದ್ರಶೇಖರಯ್ಯ ಮತ್ತು ಇತರರು

ವೆಂಕಟರಾಮಯ್ಯ: ಏಳು ಪೇಪರಾ! ಹುಡುಗ ಎಂ.ಎಸ್ಸಿ. ಪಾಸು ಅಂತ ಹೇಳಿದ್ರಲ್ಲ!

ಮುರಳೀಕೃಷ್ಣ: ಪಾಸಾಗಿ ಐದು ವರ್ಷ ಆಯ್ತು ಸಾರ್. ಇವೆಲ್ಲ ಆಮೇಲಿನವು. ಏಳರಲ್ಲಿ ನಾಲ್ಕು ಹೋಗಿದೆ.

ವೆಂಕಟರಾಮಯ್ಯ: ನಾಲ್ಕು ಹೋಗಿದೆ! ಎಷ್ಟು ಧೈರ್ಯವಾಗಿ ಹೇಳ್ತೀರಪ್ಪ!

ಮುರಳೀಕೃಷ್ಣ: ನಾಲ್ಕನೇದು ಒಂದು ಸಲ ವಾಪಸ್ ಬಂತು. ತಿದ್ದಿ ಮತ್ತೆ ಕಳಿಸಿದೆ.

ವೆಂಕಟರಾಮಯ್ಯ: ಮತ್ತೆ ಕಟ್ಟಿದೆ ಅನ್ನಿ. ಆಮೇಲೆ?

ಮುರಳೀಕೃಷ್ಣ: ಆಮೇಲೆ ಅದೂ ಹೋಯ್ತು ಸಾರ್.

ವೆಂಕಟರಾಮಯ್ಯ: ಹೋಗದೆ ಇನ್ನೇನಾಗುತ್ತೆ? ಓದಬೇಕಲ್ಲ!

ಮುರಳೀಕೃಷ್ಣ: ಓದೋದು ನಾನಲ್ಲ ಸಾರ್. ಲಂಡನ್ನಿನಲ್ಲಿ ಇಬ್ಬರು ಓದ್ತಾರೆ.

1991ರ ಬೇಸಿಗೆಯಲ್ಲಿ, ಹೊಳೆನರಸೀಪುರದ ಕೋಟೆ ಬೀದಿಯ ಮನೆಯ ಹಜಾರದಲ್ಲಿ ನಡೆದ ಈ ಮಾತುಕತೆಯನ್ನು ಹಂಸ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ಹಾಸನದ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಹೇಳುತ್ತಿದ್ದ ಈ ವರನನ್ನು ಅವಳು ಕಣ್ಣಿಂದ ನೋಡುವುದಕ್ಕೆ ಮುಂಚೆ ಕಿವಿಯಿಂದ ಕಂಡದ್ದೇ ಹೀಗೆ. ಅವಳ ತಂದೆ ವೆಂಕಟರಾಮಯ್ಯ ತಾಲ್ಲೂಕು ಕಚೇರಿಯಿಂದ ನಿವೃತ್ತರಾದವರು. ಅವರಿಗೆ ಗೊತ್ತಿದ್ದ ಪೇಪರ್ ಒಂದೇ ಬಗೆಯದು. ಅದನ್ನು ಅವರ ಮಗ ಕೇದಾರ ಏಪ್ರಿಲಿನಲ್ಲಿ ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ ಬರೆಯುತ್ತಿದ್ದ. ಬರೆದಾಗಲೆಲ್ಲ ಅದು ಹೋಗುತ್ತಿತ್ತು.

ಹಂಸ ಕಾಫಿ ತಟ್ಟೆ ಹಿಡಿದು ಹೊರಗೆ ಬಂದಳು.

ಹಂಸ: ಅಪ್ಪಾ, ಅದು ಪರೀಕ್ಷೆ ಪೇಪರಲ್ಲ. ಸಂಶೋಧನೆ ಮಾಡಿ ಬರೆಯೋದು. ಹೋಯ್ತು ಅಂದ್ರೆ ಅಚ್ಚಿಗೆ ಹೋಯ್ತು ಅಂತ.

ವೆಂಕಟರಾಮಯ್ಯ: ಹಾಗಾದ್ರೆ ನಮ್ಮ ಕೇದಾರನ ಮೂರು ಪೇಪರು?

ಹಂಸ: ಅವು ಹೋಗಿದ್ದು ಹೋಗಿದ್ದೇ.

ವರ ತಲೆಯೆತ್ತಿ ಅವಳನ್ನು ಕೃತಜ್ಞತೆಯಿಂದ ನೋಡಿದ. ಆ ನೋಟವನ್ನು ನಂಬಿ ಹಂಸ ಮದುವೆಯಾದಳು. ಕೇದಾರ ಪರೀಕ್ಷೆಗಳ ಸಹವಾಸ ಬಿಟ್ಟು ಹಿರೀಸಾವೆಯ ಹೆದ್ದಾರಿ ಪಕ್ಕದಲ್ಲಿ ಒಂದು ಹೋಟೆಲು ಇಟ್ಟ.

ಹದಿಮೂರು ವರ್ಷಗಳು ಕಳೆದವು. 2004ರ ಡಿಸೆಂಬರ್ ತಿಂಗಳ ಒಂದು ಭಾನುವಾರ. ಹಾಸನದ ಮನೆಯ ಹಜಾರದ ತುಂಬ ಮುರಳೀಕೃಷ್ಣನ ಕಾಗದಗಳು ಹರಡಿದ್ದವು. ನಡುವೆ ಸಿಕ್ಕ ಒಂದು ಮೊಳ ಜಾಗದಲ್ಲಿ ಹಂಸ ಕುಳಿತು, ನೆನೆಸಿದ ಅವರೆಯನ್ನು ಹಿತಕುತ್ತಿದ್ದಳು. ಮಾರನೆಯ ದಿನ ಮೈಸೂರಿನಲ್ಲಿ ಪ್ರೊಫೆಸರ್ ಹುದ್ದೆಯ ಸಂದರ್ಶನ. ಹಿಂದೆ ಎರಡು ಸಲ ಹೋಗಿ ಅವನು ಮುಖ ಸಣ್ಣಗೆ ಮಾಡಿಕೊಂಡು ಬಂದಿದ್ದ. ಈ ಸಲವೂ ತಪ್ಪಿದರೆ ಆ ಕುರ್ಚಿ ಮತ್ತೆ ಖಾಲಿಯಾಗುವ ಹೊತ್ತಿಗೆ ಅವನ ತಲೆಯೂ ಖಾಲಿಯಾಗಿರುತ್ತದೆ ಎಂದು ಹಂಸಳೇ ಹೇಳಿದ್ದಳು.

ಮುರಳೀಕೃಷ್ಣ: ನಲವತ್ತೊಂದು ಕಣೇ! ನನ್ನ ಅವರೆ ಪೇಪರನ್ನ ನಲವತ್ತೊಂದು ಕಡೆ ಉಲ್ಲೇಖ ಮಾಡಿದ್ದಾರೆ.

ಹಂಸ: ಅದರಲ್ಲಿ ನೀವೆಷ್ಟು?

ಮುರಳೀಕೃಷ್ಣ: ನಾನು ಅಂದ್ರೆ?

ಹಂಸ: ನಿಮ್ಮ ಪೇಪರನ್ನ ನೀವೇ ಎಷ್ಟು ಸಲ ಹೇಳಿಕೊಂಡಿದ್ದೀರಿ ಅಂತ.

ಮುರಳೀಕೃಷ್ಣ: ಒಂಬತ್ತು. ಎಲ್ಲರೂ ಮಾಡ್ತಾರೆ ಕಣೇ.

ಹಂಸ: ಮೈಸೂರಿನ ನಿಮ್ಮ ಗೌರೀಶಂಕರ?

ಮುರಳೀಕೃಷ್ಣ: ಹನ್ನೆರಡು. ಅವನದನ್ನ ನಾನೂ ಹನ್ನೆರಡು ಸಲ ಹಾಕಿದ್ದೀನಿ. ಇದಕ್ಕೆ ಸಹಯೋಗ ಅಂತಾರೆ.

ಹಂಸ: ನಮ್ಮ ಕಡೆ ಇದಕ್ಕೆ ಮುಯ್ಯಿ ಅಂತಾರೆ. ಅವರ ಮನೆ ಮದುವೇಲಿ ನಾವು ಕೊಟ್ಟ ಕೊಡಪಾನ ನಮ್ಮನೆ ಮದುವೇಲಿ ವಾಪಸ್ ಬರುತ್ತೆ. ಕೊಡಪಾನ ಒಂದೇ, ಎರಡು ಮನೇಲೂ ಸಂಭ್ರಮ.

ಮುರಳೀಕೃಷ್ಣ: ಉಳಿದ ಇಪ್ಪತ್ತು? ಜಪಾನು, ಜರ್ಮನಿ, ಕೆನಡಾ! ಅವರ ಮನೆ ಮದುವೆಗೆ ನಾನು ಹೋಗಿದ್ದೀನಾ?

ಹಂಸ: ಅವರೇನು ಬರೆದಿದ್ದಾರೆ? ಒಂದನ್ನ ಓದಿ, ಕೇಳೋಣ.

ಮುರಳೀಕೃಷ್ಣನಿಗೆ ಇದು ಇಷ್ಟವಾಗಲಿಲ್ಲ. ದುದ್ದದ ಅವರೆಯಲ್ಲಿ ಒಂದು ಪ್ರೋಟೀನ್ ಇದೆ, ಅದು ತಿಂದ ಹಿಟ್ಟನ್ನು ಬೇಗ ಸಕ್ಕರೆಯಾಗಲು ಬಿಡುವುದಿಲ್ಲ ಎಂಬುದು 1994ರಲ್ಲಿ ಬಂದ ಆ ಪೇಪರಿನ ಸಾರ. ಅವನು ಕನ್ನಡಕ ಸರಿಮಾಡಿಕೊಂಡು, ಇಂಗ್ಲಿಷನ್ನು ಕನ್ನಡ ಮಾಡುತ್ತ ಓದಿದ.

ಮುರಳೀಕೃಷ್ಣ: ‘ಚಂದ್ರಶೇಖರಯ್ಯ ಮತ್ತು ಇತರರು ತಿಳಿಸಿರುವ...’

ಹಂಸ: ನಿಲ್ಲಿಸಿ. ನೀವೆಲ್ಲಿ?

ಮುರಳೀಕೃಷ್ಣ: ಇತರರು ಅಂತ ಇದೆಯಲ್ಲ.

ಹಂಸ: ಅದು ನೀವಾ?

ಮುರಳೀಕೃಷ್ಣ: ಅದರಲ್ಲಿ ಅರ್ಧ ನಾನು. ಇನ್ನರ್ಧ ಗೌರೀಶಂಕರ.

ಚಂದ್ರಶೇಖರಯ್ಯನವರು ಆಗ ವಿಭಾಗದ ಮುಖ್ಯಸ್ಥರು, ಆದ್ದರಿಂದ ಮೊದಲ ಹೆಸರು ಅವರದು. ಪ್ರೋಟೀನ್ ಪರೀಕ್ಷಿಸುವ ಯಂತ್ರ ಮೈಸೂರಿನಲ್ಲಿ ಗೌರೀಶಂಕರನ ಕೈಕೆಳಗೆ ಇತ್ತು, ಎರಡನೆಯದು ಅವನದು. ಅರೆದವನು, ಸೋಸಿದವನು, ಬರೆದವನು ಮುರಳೀಕೃಷ್ಣ. ಅವನದು ಮೂರನೆಯದು.

ಹಂಸ: ಲಗ್ನಪತ್ರಿಕೆಯಲ್ಲಿ ಛತ್ರದ ಯಜಮಾನನ ಹೆಸರು ದಪ್ಪಕ್ಷರದಲ್ಲಿ ಹಾಕಿ, ಮದುಮಗನನ್ನ ‘ಇತರರು’ ಅಂದ ಹಾಗಾಯ್ತು.

ಮುರಳೀಕೃಷ್ಣ: ಹತ್ತು ವರ್ಷದಿಂದ ನಾನು ಹೇಳ್ತಿರೋದೂ ಅದನ್ನೇ! ಚಂದ್ರಶೇಖರಯ್ಯನವರು ಆ ಪೇಪರಿಗೆ ಅಂತ ಒಂದು ಹುಲ್ಲುಕಡ್ಡಿ ಎತ್ತಿಡಲಿಲ್ಲ!

ಹಂಸಳ ಬೆರಳ ಸಂದಿಯಿಂದ ಒಂದು ಕಾಳು ಚಿಮ್ಮಿ ಜರ್ಮನಿಯ ಮೇಲೆ ಬಿತ್ತು.

ಹಂಸ: ಅದು ಇರಲಿ. ಮುಂದೆ ಓದಿ.

ಮುರಳೀಕೃಷ್ಣ: ‘...ತಿಳಿಸಿರುವ ಪ್ರೋಟೀನ್ ದುದ್ದದ ಅವರೆಯಲ್ಲಿ...’

ಹಂಸ: ಹೂಂ?

ಮುರಳೀಕೃಷ್ಣ: ‘...ನಮಗೆ ಕಂಡುಬರಲಿಲ್ಲ.’

ಹಂಸ: ಇನ್ನೊಂದು ಓದಿ.

ಮುರಳೀಕೃಷ್ಣ: ಅದೂ ಸ್ವಲ್ಪ ಇದೇ ಧಾಟಿ.

ಹಂಸ: ಇಪ್ಪತ್ತೂ ಇದೇ ಧಾಟೀನಾ?

ಮುರಳೀಕೃಷ್ಣ: ಹತ್ತೊಂಬತ್ತು. ಇಪ್ಪತ್ತನೆಯವನು ಜಪಾನಿ ಭಾಷೇಲಿ ಬರೆದಿದ್ದಾನೆ. ನನಗೆ ಅರ್ಥವಾಗಲಿಲ್ಲ. ಒಳ್ಳೆ ಮಾತೇ ಇರಬೇಕು.

ಹಂಸ: ದೇಶದೇಶದೋರು ಬೈದಿದ್ದನ್ನ ಎಣಿಸಿಕೊಂಡು ನೀವು ಸಂಭ್ರಮ ಪಡ್ತಿದ್ದೀರಲ್ರೀ!

ಮುರಳೀಕೃಷ್ಣ: ಬೈದರೂ ಲೆಕ್ಕಕ್ಕೆ ಸೇರುತ್ತೆ ಕಣೇ. ಎಣಿಸೋರು ಎಷ್ಟು ಅಂತ ನೋಡ್ತಾರೆ, ಏನು ಅಂತ ನೋಡಲ್ಲ.

ಹೀಗೆಂದವನು ಕಾಗದವನ್ನು ಕೆಳಗಿಟ್ಟ. ದನಿ ಇಳಿಯಿತು.

ಮುರಳೀಕೃಷ್ಣ: ಆದರೆ ಅದು ಇತ್ತು ಹಂಸ. ನಾನು ಕಣ್ಣಾರೆ ನೋಡಿದ್ದೀನಿ. ಸುಳ್ಳು ಬರೆದವನು ನಾನಲ್ಲ. ನಾಳೆ ಯಾರಾದ್ರೂ ‘ಎಲ್ಲಿ ನಿನ್ನ ಪ್ರೋಟೀನು’ ಅಂತ ಕೇಳಿದ್ರೆ ಏನು ಹೇಳ್ಲಿ?

ಅಷ್ಟರಲ್ಲಿ ಹೊರಗೆ ಮೊಪೆಡ್ ನಿಂತ ಸದ್ದಾಯಿತು. ಒಂದು ಚೀಲ ಮೊದಲು ಒಳಗೆ ಬಂತು. ಅದರ ಹಿಂದೆ ದುದ್ದದ ರಂಗಸ್ವಾಮಿ. ಪೇಪರಿಗೆಂದು ಅವರೆ ಕೊಟ್ಟ ರೈತ ಅವನೇ. ಅಂದಿನಿಂದ ಹಾಲಿನ ಡೈರಿಯ ಮುಂದೆ ನಿಂತು ‘ನಮ್ ಅವರೆ ಲಂಡನ್ನಾಗೆ ಅಚ್ಚಾಗದೆ’ ಎನ್ನುವುದನ್ನು ಅವನು ಒಂದು ದಿನವೂ ತಪ್ಪಿಸಿದವನಲ್ಲ.

ರಂಗಸ್ವಾಮಿ: ಮೇಷ್ಟ್ರೇ, ಒಸಾ ಅವರೆಕಾಯಿ ತಂದಿವ್ನಿ ಸಾ. ಸೊಗಡು ನೋಡಿ, ಚೀಲದಾಚೆಗೇ ಒಡೀತದೆ.

ಮುರಳೀಕೃಷ್ಣ: ರಂಗಸ್ವಾಮಿ, ನಿಜ ಹೇಳು. ಹತ್ತು ವರ್ಷದ ಹಿಂದೆ ನೀನು ಕೊಟ್ಟ ಅವರೆ ನಿನ್ನ ಹೊಲದ್ದೇನಾ?

ರಂಗಸ್ವಾಮಿ: ಏನ್ ಸಾ ಇಂಗಂತೀರಿ! ನಮ್ಮವ್ವನಾಣೆ ನಮ್ ವಲದ್ದೇ ಕಣ್ ಸಾ. ಬಸ್ನಾಗೆ ತಂದು ಅಕ್ಕಾರ ಕೈಗೇ ಕೊಟ್ಟು ಓಗಿವ್ನಿ. ಕೇಳಿ ಬೇಕಾರೆ!

ಇಬ್ಬರೂ ಹಂಸಳ ಕಡೆ ತಿರುಗಿದರು. ಹಂಸ ಬೇಳೆಯ ಪಾತ್ರೆಯನ್ನು ದೂರ ಸರಿಸಿದಳು. ಹತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ಇವತ್ತು ಹೊರಗೆ ಬರಲೇಬೇಕಾಗಿತ್ತು.

ಹಂಸ: ನೀವು ಯಂತ್ರ ಕೇಳೋಕೆ ಮೈಸೂರಿಗೆ ಹೋಗಿದ್ರಲ್ಲ, ಆವತ್ತು ಚಂದ್ರಶೇಖರಯ್ಯನವರು ಹೇಳದೆ ಕೇಳದೆ ಸಂಸಾರ ಸಮೇತ ಬಂದ್ರು. ಊಟದ ಹೊತ್ತು. ಮನೇಲಿ ಒಂದು ತರಕಾರಿ ಇಲ್ಲ. ಹಜಾರಕ್ಕೆ ಕಾಲಿಟ್ಟೋರೇ ‘ಆಹಾ, ಅವರೆ ಸೊಗಡು!’ ಅಂದ್ರು. ನಿಮ್ಮ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ನಾನೇನು ಮಾಡ್ಲಿ?

ಮುರಳೀಕೃಷ್ಣ: ಏನು ಮಾಡ್ದೆ?

ಹಂಸ: ಸಾರು.

ರಂಗಸ್ವಾಮಿ ಹೊತ್ತಿದ್ದ ಚೀಲವನ್ನು ಮೆಲ್ಲಗೆ ನೆಲಕ್ಕಿಳಿಸಿದ.

ಮುರಳೀಕೃಷ್ಣ: ಮತ್ತೆ... ಡಬ್ಬೀಲಿದ್ದದ್ದು? ನಾನು ಅರೆದದ್ದು?

ಹಂಸ: ಮಾರನೆ ದಿನ ಕೇದಾರ ಬಂದ. ಹೋಟೆಲಿನ ಮುಂದೆ ಮಾರ್ತಿದ್ರು ಅಂತ ಒಂದು ಚೀಲ ತಂದಿದ್ದ. ಅದನ್ನೇ ಹಿತಕಿ ನಿಮ್ಮ ಡಬ್ಬಿಗೆ ಹಾಕಿದೆ. ಯಾವ ಊರಿನದಾದ್ರೂ ಅವರೆ ಅವರೇ ತಾನೆ ಅಂದುಕೊಂಡೆ.

ಮುರಳೀಕೃಷ್ಣ: ಹಿರೀಸಾವೆ ಅವರೆ!

ರಂಗಸ್ವಾಮಿ: ಇರೀಸಾವೇನಾ? ಅಕ್ಕಾರೇ, ಎಂಥಾ ಕೆಲ್ಸ ಮಾಡ್ಬುಟ್ರಿ! ಡೈರಿ ತಾವ ಎದೆ ಉಬ್ಬಿಸ್ಕಂಡು ನಿಂತ್ಕತಿದ್ನಲ್ಲ ನಾನು! ನಮ್ದು ಸಾರಾಗೋಯ್ತು, ಅವರ್ದು ಪೇಪರಾಗೋಯ್ತಾ!

ಮುರಳೀಕೃಷ್ಣ: ಆಗಲೇ ಯಾಕೆ ಹೇಳಲಿಲ್ಲ ನೀನು?

ಹಂಸ: ಹೇಳೋಣ ಅಂತ ಬಾಯಿ ತೆರೆದೆ. ನೀವು ‘ಸಿಕ್ತು, ಸಿಕ್ತು’ ಅಂತ ಗೇಟಿನಿಂದ ಕುಣೀತಾ ಬಂದ್ರಿ. ನಿಮ್ಮನ್ನ ಅಷ್ಟು ಖುಷಿಯಾಗಿ ನಾನು ಮದುವೇಲೂ ನೋಡಿರಲಿಲ್ಲ. ಯಾವ ಬಾಯಲ್ಲಿ ಹೇಳ್ಲಿ? ಆದರೆ ಒಂದು ಮಾತು. ಚಂದ್ರಶೇಖರಯ್ಯನವರು ಏನೂ ಮಾಡಲಿಲ್ಲ ಅಂತ ಇನ್ನು ಮುಂದೆ ಅನ್ನಬೇಡಿ. ನಿಮ್ಮ ಸಂಶೋಧನೆ ಅಷ್ಟನ್ನೂ ಕೂತು ತಿಂದೋರು ಅವರು. ಎರಡನೆ ಸಲ ಕೇಳಿ ಹಾಕಿಸಿಕೊಂಡ್ರು. ಮೊದಲನೆ ಹೆಸರು ಅವರಿಗೆ ಸಲ್ಲಬೇಕಾದ್ದೇ.

ಮುರಳೀಕೃಷ್ಣ ಕೂಗಾಡುತ್ತಾನೆ ಎಂದು ಹಂಸ ಕಾದಳು. ಅವನು ಕಾಗದಗಳ ನಡುವೆ ಎದ್ದು ನಿಂತ.

ಮುರಳೀಕೃಷ್ಣ: ಅಂದ್ರೆ ಪ್ರೋಟೀನ್ ಇದೆ! ಹಿರೀಸಾವೆಯಲ್ಲಿದೆ! ನಾನು ತಪ್ಪಲ್ಲ ಕಣೇ, ಊರು ತಪ್ಪು!

ರಂಗಸ್ವಾಮಿ: ಊರ್ ಯಾಕ್ ಸಾ ತಪ್ಪು? ದುದ್ದ ಏನ್ ತಪ್ಪು ಮಾಡದೆ?

ಹಂಸ: ಮೂರು ಪೇಪರ್ ಹೋದೋನು ತಂದ ಅವರೆಯಿಂದ ನಿಮಗೆ ಒಂದು ಪೇಪರ್ ಬಂತು. ನಾಳೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿ. ಪಾಪ, ಹತ್ತು ವರ್ಷದಿಂದ ಜರ್ಮನಿಯೋರು ಇಲ್ಲದ್ದನ್ನ ಹುಡುಕ್ತಾ ದುದ್ದದ ಅವರೆ ಅರೀತಾ ಕೂತಿದ್ದಾರೆ.

ಮುರಳೀಕೃಷ್ಣ: ಹೆಂಡತಿ ಸಾರು ಮಾಡಿದಳು ಅಂತ ಸಮಿತಿ ಮುಂದೆ ಹೇಳ್ಲಾ?

ಹಂಸ: ಚೆನ್ನಾಗಿ ಮಾಡಿದ್ದೆ ಅಂತಲೂ ಸೇರಿಸಿ.

ಮಾರನೆಯ ದಿನ ಸಂಜೆ ಅವನು ಮೈಸೂರಿನ ಬಸ್ಸಿಳಿದು ಬಂದಾಗ ಹಂಸ ಬಾಗಿಲಲ್ಲೇ ನಿಂತಿದ್ದಳು.

ಹಂಸ: ಹೇಳಿದ್ರಾ?

ಮುರಳೀಕೃಷ್ಣ: ಬಾಯಿ ತೆರೆದೆ. ‘ಆ ಅವರೆ ಪೇಪರಿನ ವಿಷಯದಲ್ಲಿ ಒಂದು ಮಾತು’ ಅಂದೆ. ‘ಎಷ್ಟು ಉಲ್ಲೇಖ?’ ಅಂದ್ರು. ‘ನಲವತ್ತೊಂದು’ ಅಂದೆ. ‘ಸಾಕು’ ಅಂದ್ರು.

ಹಂಸ: ಅಷ್ಟೇನಾ?

ಮುರಳೀಕೃಷ್ಣ: ಅಷ್ಟೇ. ಕೆಲಸ ಆಯ್ತು.

ಹಂಸ: ಸಮಿತೀಲಿ ಯಾರಿದ್ರು?

ಮುರಳೀಕೃಷ್ಣ: ಚಂದ್ರಶೇಖರಯ್ಯನವರು.

ಹಂಸ: ಅವರಿಗೆ ಆ ಪೇಪರ್ ನೆನಪಿತ್ತಾ?

ಮುರಳೀಕೃಷ್ಣ: ಪೇಪರ್ ನೆನಪಿರಲಿಲ್ಲ. ಸಾರು ನೆನಪಿತ್ತು.

ಹಂಸ ಅಷ್ಟಕ್ಕೆ ಬಿಡಲಿಲ್ಲ. ನಿಜವನ್ನು ಬರೆದು ಕಳಿಸುವ ತನಕ ಈ ಮನೆಯಲ್ಲಿ ಅವರೆ ಬೇಯುವುದಿಲ್ಲ ಎಂದಳು. ಅವರೆಯ ಕಾಲದಲ್ಲಿ ಹಾಸನದವನೊಬ್ಬ ಅದಕ್ಕಿಂತ ಹೆಚ್ಚು ತಡೆದುಕೊಳ್ಳಲಾರ. ಮುರಳೀಕೃಷ್ಣ ಕೇದಾರನಿಂದ ಹಿರೀಸಾವೆಯ ಅವರೆ ತರಿಸಿ, ತಾನೇ ಕೂತು ಹಿತಕಿ, ಅರೆದು ನೋಡಿದ. ಪ್ರೋಟೀನ್ ಇದ್ದಲ್ಲೇ ಇತ್ತು. ಹಿಂದೆ ಬೀಜ ಬದಲಾಗಿತ್ತೆಂದು ಒಪ್ಪಿಕೊಂಡು ಹೊಸ ಪೇಪರ್ ಬರೆದ. ಅದು ಅಚ್ಚಾಗಿ ಬಂದ ದಿನ ಹಂಸಳ ಮುಂದೆ ಹಿಡಿದ.

ಹಂಸ: ನಿಮ್ಮ ಹೆಸರು ಮೊದಲು. ಗೌರೀಶಂಕರ ಎರಡನೇದು. ಈ ಕಥೆಗೆಲ್ಲ ಕಾರಣಳಾದ ನಾನೆಲ್ಲಿ?

ಮುರಳೀಕೃಷ್ಣ: ಕೊನೇಲಿ ನೋಡು, ಕೃತಜ್ಞತೆ ಹೇಳಿದ್ದೀನಿ.

ಹಂಸ: ಏನಂತ?

ಮುರಳೀಕೃಷ್ಣ: ‘ಬೀಜ ಒದಗಿಸಿದ ಕೇದಾರ್ ಹಾಗೂ ಇತರರಿಗೆ.’

ಹಂಸ ಪೇಪರನ್ನು ಮಡಿಸಿ ಅವನ ಕೈಗೇ ವಾಪಸ್ ಕೊಟ್ಟಳು. ಅಂದಿನಿಂದ ಅವರೆ ಹಿತಕುವ ಕೆಲಸ ಆ ಮನೆಯಲ್ಲಿ ಕೈ ಬದಲಾಯಿಸಿತು.

ತಪ್ಪಾಗಿದ್ದ ಪೇಪರನ್ನು ನಲವತ್ತೊಂದು ಕಡೆ ಉಲ್ಲೇಖಿಸಿದ್ದರು. ಸರಿಯಾದ ಪೇಪರನ್ನು ಈವರೆಗೆ ಉಲ್ಲೇಖಿಸಿರುವವನು ಗೌರೀಶಂಕರನೊಬ್ಬನೇ. ಅದೂ ಮುಯ್ಯಿ. ಈಗ ಮುರಳೀಕೃಷ್ಣನೇ ವಿಭಾಗದ ಮುಖ್ಯಸ್ಥ. ಕಿರಿಯರು ಬರೆದ ಪೇಪರುಗಳಲ್ಲಿ ಮೊದಲ ಹೆಸರು ಅವನದೇ. ಡಿಸೆಂಬರ್ ಬಂದರೆ ಮಾತ್ರ ಸಂಜೆ ಮನೆಗೆ ಬಂದವನು ಪಂಚೆ ಮೇಲಕ್ಕೆ ಕಟ್ಟಿ, ನೆನೆದ ಅವರೆಯ ಪಾತ್ರೆ ಮುಂದಿಟ್ಟುಕೊಂಡು ಕೂರುತ್ತಾನೆ. ಮೊನ್ನೆ ರಂಗಸ್ವಾಮಿ ದುದ್ದದಿಂದ ಬಂದಿದ್ದ. ಹಳೆಯ ಸಿಟ್ಟು ಮರೆತು ಊಟಕ್ಕೆ ಕುಳಿತ. ಒಂದು ಮುದ್ದೆ ಇಳಿದ ಮೇಲೆ ತಲೆಯೆತ್ತಿದ.

ರಂಗಸ್ವಾಮಿ: ಸಾರು ಬೋ ಚೆನ್ನಾಗದೆ ಅಕ್ಕಾರೆ. ಯಾರ್ ಮಾಡಿದ್ದು?

ಹಂಸ ಅಡುಗೆಮನೆಯ ಮೂಲೆಯಲ್ಲಿ ಬೆರಳಿನ ತುದಿ ಸುಲಿದುಕೊಂಡು ಕೂತಿದ್ದ ಪ್ರೊಫೆಸರರ ಕಡೆ ಒಮ್ಮೆ ನೋಡಿದಳು.

ಹಂಸ: ಹಂಸ ಮತ್ತು ಇತರರು.