ಮಾವನ ಏಳು ಗುಂಡಿಯ ಗಾಲ್ಫ್

ನಮ್ಮ ಸೋದರಮಾವನ ಜೊತೆ ಗಾಲ್ಫ್ ಆಡಲು ಹೋಗುವವರು ಮನೆಯಲ್ಲಿ ಒಂದು ಮಾತು ಹೇಳಿ ಹೋಗುವುದು ಒಳ್ಳೆಯದಿತ್ತು. ಆಟ ಅವತ್ತೇ ಮುಗಿಯುತ್ತದೆಂಬ ಭರವಸೆ ಯಾರಿಗೂ ಇರಲಿಲ್ಲ!

ಮಾವನ ಹಳ್ಳಿ ಅಕ್ಕೂರಿನಲ್ಲಿ ಗಾಲ್ಫೇ ಎಂದು ಹುಬ್ಬೇರಿಸಬೇಡಿ. ಚನ್ನಪಟ್ಟಣದಿಂದ ಬಂದ ಬಸ್ಸಿಳಿದು ಕೆರೆಯ ಕಡೆ ನಡೆದರೆ ಮಾವನ ಎರಡೆಕರೆ ಸಿಗುತ್ತಿತ್ತು. ಒಂದಷ್ಟು ಹಿಪ್ಪುನೇರಳೆ, ಒಂದಷ್ಟು ತೆಂಗು, ಉಳಿದಲ್ಲೆಲ್ಲ ಗಾಲ್ಫ್. ಒಂಬತ್ತು ಗುಂಡಿ ಇರಬೇಕಲ್ಲವೇ ಎಂದು ಕೇಳಿದ್ದಕ್ಕೆ ಮಾವ, "ಎಂಟನೇದು ತೋಡುದ್ರೆ ದಾಯಾದಿ ಜಮೀನಿಗೆ ಹೋಯ್ತದೆ ಕಣ್ಲಾ, ಏಳೇ ಸಾಕು" ಎಂದಿದ್ದರು. ಕೋರ್ಟು ಕಚೇರಿಗೆ ಹೆದರಿ ಏಳಕ್ಕೆ ನಿಂತ ಮೈದಾನ ಜಗತ್ತಿನಲ್ಲಿ ಇನ್ನೊಂದಿದೆಯೇ?

ಮಾವ ಬೆಂಗಳೂರಿನ ಒಂದು ಗಾಲ್ಫ್ ಕ್ಲಬ್ಬಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು. ನಿಧಾನವಾಗಿ ಆಡುವವರ ಹತ್ತಿರ ಹೋಗಿ ಕೈಮುಗಿದು, "ಹಿಂದಿನವರು ಕಾಯ್ತಿದಾರೆ, ಒಸಿ ಬೇಗ ಸಾರ್" ಎನ್ನುವುದೇ ಅವರ ಕೆಲಸ. ನಿವೃತ್ತಿಯ ದಿನ ಸಮವಸ್ತ್ರದ ಜೊತೆ ಆ ಅವಸರವನ್ನೂ ಮಡಿಸಿ ಕ್ಲಬ್ಬಿಗೇ ವಾಪಸ್ಸು ಕೊಟ್ಟು ಬಂದರು.

"ದೊಡ್ಡ ದೊಡ್ಡೋರ್ನೆಲ್ಲ ಓಡ್ಸಿದೀನಿ ಅಳಿಯ. ಆ ಪಾಪ ಸುಮ್ಕೆ ಬುಟ್ಟದಾ? ಇನ್ಮೇಲೆ ಯಾರ್ನೂ ಓಡ್ಸಕಿಲ್ಲ."

ಓಡಿಸುವ ಮಾತಿರಲಿ, ನಡೆಯಲೂ ಬಿಡುತ್ತಿರಲಿಲ್ಲ! ಕ್ಲಬ್ಬಿನವರು ಎಸೆದ ಹಳೆಯ ಕೋಲುಗಳು, ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಗೆಳೆಯ ಸಾಬರು ಕಡೆದುಕೊಟ್ಟ ಅರಗಿನ ಬಣ್ಣದ ಮರದ ಚೆಂಡುಗಳು. ಸಾಬರೂ ಭಾನುವಾರ ಆಡಲು ಬರುತ್ತಿದ್ದರು. ಯಾರಾದರೂ ಕೋಲೆತ್ತಿದರೆ ಸಾಕು, "ಅರೆ ಮೆಲ್ಲಗೆ, ಬಣ್ಣ ಹೋಯ್ತದೆ!" ಎಂದು ಕೂಗುತ್ತಿದ್ದರು. ಹೊಡೆಯದೆ ಆಡುವ ಗಾಲ್ಫನ್ನು ನಾನು ಕಲಿತದ್ದು ಅಲ್ಲೇ.

ಮೂರನೆಯ ಗುಂಡಿ ಹುಳುಮನೆಯ ಪಕ್ಕದಲ್ಲಿತ್ತು. ರೇಷ್ಮೆಹುಳು ಪೊರೆ ಬಿಡಲು ಮೇವು ನಿಲ್ಲಿಸಿ ತಲೆಯೆತ್ತಿ ಕೂತರೆ ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಅವು ಜ್ವರಕ್ಕೆ ಕೂತಾಗ ನಾವೂ ಬಾಯಿಮುಚ್ಚಿ ಕೂರಬೇಕು! ನಾಲ್ಕನೆಯದು ಎಮ್ಮೆಯ ಮುಂದೆ. ಚೆಂಡು ಮಲಗಿದ ಎಮ್ಮೆಯ ಹೊಟ್ಟೆಯಡಿ ಸೇರಿದರೆ ಅದಾಗಿಯೇ ಏಳುವವರೆಗೆ ಕಾಯಬೇಕು, ಎಬ್ಬಿಸಕೂಡದು. ಒಮ್ಮೆ ನಾನು ಕಾದೆ. ಅತ್ತೆ ರೊಟ್ಟಿ ತಂದುಕೊಟ್ಟರು, ಆಮೇಲೆ ಕಾಫಿ ತಂದರು. ಕೊನೆಗೂ ಎಮ್ಮೆ ಎದ್ದಿತು, ಮೈಮುರಿಯಿತು, ಮಗ್ಗುಲು ಬದಲಿಸಿ ಅದೇ ಚೆಂಡಿನ ಮೇಲೆ ಮತ್ತೆ ಮಲಗಿತು!

ಒಂದು ಸಲ ಹೆದ್ದಾರಿ ಬದಿಯ ರೆಸಾರ್ಟಿಗೆ ಬಂದಿದ್ದ ನಿಜವಾದ ಗಾಲ್ಫ್ ಆಟಗಾರರೊಬ್ಬರು ಸುದ್ದಿ ಕೇಳಿ ನೋಡಲು ಬಂದರು. ಬಿಳಿ ಬೂಟು, ಕೈಗೆ ಗವಸು. ಎಮ್ಮೆಗೂ ಸಿಗದೆ, ಹುಳಕ್ಕೂ ಹೆದರದೆ ಅರ್ಧ ಗಂಟೆಯಲ್ಲಿ ಏಳೂ ಗುಂಡಿ ಮುಗಿಸಿ, ಗಡಿಯಾರ ನೋಡಿ ಬೀಗಿದರು. ಮಾವ ಅವರಿಗೆ ಎಳನೀರು ಕೊಟ್ಟು ಕಳಿಸಿ ನನ್ನ ಕಡೆ ತಿರುಗಿದರು.

"ಸೋತ್ರು ಪಾಪ."

"ಸೋತ್ರಾ? ಎಲ್ಲಾ ಗುಂಡಿಗೂ ಹಾಕಿದ್ರಲ್ಲ ಮಾವ!"

"ಆಡ್ನಿಲ್ಲ ಕಣ್ಲಾ ಅವ್ರು. ಬಸ್ ಹಿಡುದ್ರು."

ಹೀಗೆ ನಗುತ್ತಾ ಇದ್ದವರ ಮನೆಯಲ್ಲಿ ಒಂದು ಬೆಳಿಗ್ಗೆ ಅತ್ತೆ ಒಲೆಯ ಮುಂದೆ ಕುಸಿದರು. ಲಕ್ವ ಹೊಡೆದಿತ್ತು. ಜೀವ ಉಳಿಯಿತು, ಬಲಗೈ ಬಲಗಾಲು ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ. ದಿನಾ ನಡೆಸಿ ಎಂದು ಡಾಕ್ಟರು ಹೇಳಿದ್ದರು. ಆದರೆ ಅತ್ತೆ ಹಾಸಿಗೆ ಬಿಡಲೊಲ್ಲರು. "ಕಾಲೆಳ್ಕೊಂಡು ಹೋಗದ್ನ ಊರೋರು ನೋಡ್ಬೇಕಾ? ನಾ ಬರಕಿಲ್ಲ" ಎಂದು ಗೋಡೆಯ ಕಡೆ ಮುಖ ಮಾಡುತ್ತಿದ್ದರು.

ಒಂದು ಭಾನುವಾರ ನಾನು ಹೋದಾಗ ಮೈದಾನವೇ ಇರಲಿಲ್ಲ. ಮಾವ ಏಳೂ ಗುಂಡಿಗೆ ಮಣ್ಣು ತುಂಬಿದ್ದರು. ಹೊಸದೊಂದು ಗುಂಡಿ, ಹೊಸ್ತಿಲಿನಿಂದ ಬರೀ ನಾಲ್ಕು ಹೆಜ್ಜೆಗೆ, ಅನ್ನದ ತಪ್ಪಲೆಯಷ್ಟು ಅಗಲ!

"ಇದೇನು ಮಾವ?"

"ಡಿಸೈನ್ ಬದ್ಲಾಯ್ಸಿದೀನಿ" ಎಂದು ಗಂಭೀರವಾಗಿ ಹೇಳಿ ಒಳಗೆ ಹೋದರು. "ಬಾಮ್ಮಿ, ನಡಿ ಅಂತ ಹೇಳಾಕಿಲ್ಲ. ಈ ಚೆಂಡ ಗುಂಡಿಗೆ ಹಾಕ್ಬುಟ್ಟು ಬಂದು ಮನಿಕೊ."

"ನಂಗ್ಯಾಕೆ ಈ ಕೋಲಾಟ?" ಎಂದು ಅತ್ತೆ ರೇಗಿದರು. ರೇಗಿಕೊಂಡೇ ಎದ್ದರು. ಎಡಗೈಯಲ್ಲಿ ಕೋಲು ಊರಿ, ಮಾವನ ಹೆಗಲಿಗೆ ಒರಗಿ ನಾಲ್ಕು ಹೆಜ್ಜೆ ಇಟ್ಟು, ಚೆಂಡನ್ನು ತಳ್ಳಿದರು. ಅದು ಗುಂಡಿಗೆ ಬಿದ್ದಾಗ ಅವರ ಮುಖ ನೋಡಬೇಕಿತ್ತು! ಮಾರನೆಯ ವಾರ ಗುಂಡಿ ಎಂಟು ಹೆಜ್ಜೆಗೆ ಸರಿದಿತ್ತು.

ಅಲ್ಲಿಂದ ಮುಂದೆ ಅತ್ತೆ ಒಂದನ್ನು ಗೆದ್ದರೆ ಮಾವ ಅದನ್ನು ಮುಚ್ಚಿ ಇನ್ನೊಂದನ್ನು ಒಸಿ ದೂರಕ್ಕೆ ತೋಡುತ್ತಿದ್ದರು. ಹತ್ತು ಹೆಜ್ಜೆಗೊಂದು ಕಲ್ಲುಚಪ್ಪಡಿ ಹಾಕಿದರು. ಎಮ್ಮೆಯನ್ನು ಹಿತ್ತಲಿಗೆ ಕಟ್ಟಿದರು. ಬೊಂಬೆ ಸಾಬರು ಹಿಡಿಯಲು ಹಗುರಾಗಲೆಂದು ಬಣ್ಣಬಣ್ಣದ ಕೋಲೊಂದನ್ನು ಕಡೆದು ತಂದರು. ಗುಂಡಿ ಮುಂಗಾರಿನ ಹೊತ್ತಿಗೆ ತೆಂಗಿನ ಸಾಲು ಸೇರಿತು, ರಾಗಿ ತೆನೆ ಬಂದಾಗ ಹುಳುಮನೆ ದಾಟಿತು. ಸುಗ್ಗಿ ಮುಗಿಯುವಾಗ ಕೆರೆಯ ಏರಿಯ ಬುಡಕ್ಕೆ ಬಂದಿತ್ತು.

ಆ ಭಾನುವಾರ ನಾನೂ ಇದ್ದೆ. ತಿಂಡಿ ತಿಂದು ಹೊರಟ ಅತ್ತೆ ಯಾರ ಹೆಗಲಿಗೂ ಒರಗಲಿಲ್ಲ. ಚಪ್ಪಡಿಯಿಂದ ಚಪ್ಪಡಿಗೆ ಕೂತು, ಎದ್ದು, ಬೈದು, ನಕ್ಕು, ನೆತ್ತಿಯ ಮೇಲೆ ಬಿಸಿಲು ಬಂದಾಗ ಏರಿಯ ಬುಡ ಮುಟ್ಟಿದರು. ಎರಡು ಸಲ ಗುರಿ ತಪ್ಪಿ ಮೂರನೆಯ ಸಲ ಚೆಂಡನ್ನು ಗುಂಡಿಗೆ ಬೀಳಿಸಿದರು. ನಾನು ಚಪ್ಪಾಳೆ ಹೊಡೆದೆ. ಸಾಬರು ಎರಡೂ ಕೈ ಎತ್ತಿ ದೇವರಿಗೆ ಏನೋ ಹೇಳಿದರು.

ಮಾವ ಅತ್ತೆಯ ಎದುರು ಕುಕ್ಕರಗಾಲಲ್ಲಿ ಕೂತು, ಅವರ ಸೀರೆಯ ಅಂಚಿಗೆ ಅಂಟಿಕೊಂಡಿದ್ದ ಉತ್ತರಾಣಿ ಬೀಜಗಳನ್ನು ಒಂದೊಂದಾಗಿ ಕೀಳತೊಡಗಿದರು.

"ಮನೆಗೋಗಿ ಕಿತ್ರೆ ಆಗಕಿಲ್ವಾ ಮಾವ?" ಎಂದೆ.

ಅವರು ತಲೆಯೆತ್ತಲಿಲ್ಲ. ಭುಜ ಮಾತ್ರ ಅಲುಗುತ್ತಿತ್ತು. ಅತ್ತೆ ಕೋಲನ್ನು ನನ್ನ ಕೈಗೆ ಕೊಟ್ಟು, ಇಷ್ಟು ದಿನ ಮಾತು ಕೇಳದಿದ್ದ ಆ ಬಲಗೈಯನ್ನು ಮೆಲ್ಲಗೆ, ಬಹಳ ಮೆಲ್ಲಗೆ ಎತ್ತಿ, ಮಾವನ ಬೋಳುತಲೆಯ ಮೇಲಿಟ್ಟರು. ಬೀಜವೆಲ್ಲ ಮುಗಿದ ಮೇಲೂ ಅತ್ತೆ ಕೈ ತೆಗೆಯಲಿಲ್ಲ, ಮಾವನೂ ಏಳಲಿಲ್ಲ.