ಕೊನೆಯ ಕಂತು ಮತ್ತು ಗುಬ್ಬಿಯ ಬೀಗರು

ಆರು ವರ್ಷ ಓಡಿದ ಧಾರಾವಾಹಿಯೊಂದು ಶನಿವಾರ ಸಂಜೆ ಏಳೂವರೆಗೆ ಮುಗಿದರೆ, ಮನುಷ್ಯನಾದವನು ಭಾನುವಾರ ಬೆಳಿಗ್ಗೆ ಅದರ ಬಗ್ಗೆ ಯಾರ ಹತ್ತಿರವಾದರೂ ಮಾತಾಡಬೇಕೋ ಬೇಡವೋ? ನೀವೇ ಹೇಳಿ. ಆದರೆ ಶೆಟ್ಟಿಹಳ್ಳಿಯ ವೀರಭದ್ರಯ್ಯನವರ ಮನೆಯಲ್ಲಿ ಆ ಮಾತಿಗೆ ನಿಷೇಧಾಜ್ಞೆ ಜಾರಿಯಾಗಿತ್ತು. ಹೊರಡಿಸಿದವರು ಜಿಲ್ಲಾಧಿಕಾರಿಗಳಲ್ಲ, ಅವರಿಗಿಂತ ಒಂದು ಮೆಟ್ಟಿಲು ಮೇಲಿದ್ದ ಧರ್ಮಪತ್ನಿ ಗಂಗಾಂಬಿಕೆ.

"ಹತ್ತು ಗಂಟೆಗೆ ಗುಬ್ಬಿಯಿಂದ ಗಂಡಿನ ಕಡೆಯೋರು ಬರ್ತಾರೆ. ಶಿವಲೀಲಂಗೆ ಇದು ಐದನೇ ಗಂಡು. ಹಿಂದಿನ ನಾಲ್ಕೂ ಯಾಕೆ ತಪ್ಪಿಹೋಯ್ತು, ಗೊತ್ತಾ?"

"ಜಾತಕ ಕೂಡ್ಲಿಲ್ಲ."

"ಜಾತಕ ಅಲ್ಲ ಕಣ್ರೀ, ನಿಮ್ಮ ಬಾಯಿ! ಕುಣಿಗಲ್ಲಿನೋರು ಬಂದಾಗ ಅವ್ರೂರ ಕೆರೆ ಬಗ್ಗೆ ಅವ್ರಿಗೇ ಎರಡು ಗಂಟೆ ಭಾಷಣ ಕೊಟ್ರಿ. ಹುಡುಗಿ ನೋಡೋಕೆ ಟೈಮ್ ಸಿಗದೆ ಲಾಸ್ಟ್ ಬಸ್ಸಿಗೆ ಓಡಿದ್ರು. ಇವತ್ತು ಆ ಏಳು ಮನೆ ಸುದ್ದಿ ಎತ್ತಿದ್ರೆ ನಾನು ತೌರಿಗೆ ಹೋಗ್ತೀನಿ ಅಷ್ಟೇ."

ಏಳು ಮನೆ ಎಂದರೆ 'ಒಂದೇ ಗೇಟು ಏಳು ಮನೆ' ಎಂಬ ಆ ನಗೆ ಧಾರಾವಾಹಿ. ಒಂದು ವಠಾರ, ಅದರ ಒಡತಿ ಪುಟ್ಟತಾಯಮ್ಮ, ಇಪ್ಪತ್ತೆರಡು ಜನ, ಒಂದೇ ನಲ್ಲಿ. ಸತ್ಯಮಂಗಲದ ನಟ್ಟು-ಬೋಲ್ಟು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದ ವೀರಭದ್ರಯ್ಯನವರು ಸಂಜೆ ಏಳಕ್ಕೆ ಐದು ನಿಮಿಷವಿರುವಾಗಲೇ ಕುರ್ಚಿ ಅಲಂಕರಿಸುತ್ತಿದ್ದರು. ಆರು ವರ್ಷದಲ್ಲಿ ತಪ್ಪಿಸಿದ್ದು ಎರಡೇ ದಿನ. (ಒಂದು ಟೈಫಾಯಿಡ್ಡು, ಇನ್ನೊಂದು ನಾದಿನಿಯ ಮದುವೆ. ಎರಡರಲ್ಲಿ ಟೈಫಾಯಿಡ್ಡೇ ವಾಸಿ ಎಂದು ಅವರು ಈಗಲೂ ಹೇಳುವುದುಂಟು.)

ಆ ಬೆಳಿಗ್ಗೆ ಗಡ್ಡ ಕೆರೆಯುತ್ತಿದ್ದಾಗ ಅವರ ಎದೆ ಉಕ್ಕಿ ಉಕ್ಕಿ ಬರುತ್ತಿತ್ತು. ಆಹಾ, ಎಂಥ ಮುಕ್ತಾಯ! ಶುರುವಾದಾಗ ಮಗಳು ಶಿವಲೀಲಾ ಎರಡು ಜಡೆಯ ಪಿಯುಸಿ ಹುಡುಗಿ, ಈಗ ಬಿ.ಎಡ್. ಮುಗಿಸಿದ್ದಾಳೆ. ಆಗ ತಮ್ಮ ತಲೆಯ ಮೇಲೆ ಕೂದಲೂ ಇತ್ತು. ಆ ವಠಾರದಲ್ಲಿ ಮಾತ್ರ ಯಾರಿಗೂ ವಯಸ್ಸಾಗಲಿಲ್ಲ. ಮೊದಲ ಕಂತಿನಲ್ಲಿ ತೊಟ್ಟಿಲಲ್ಲಿದ್ದ ಮಗು ಕೊನೆಯ ಕಂತಿನಲ್ಲೂ ತೊಟ್ಟಿಲಲ್ಲೇ ಇತ್ತು. ತೊಟ್ಟಿಲು ಮಾತ್ರ ಮೂರು ಸಲ ಬದಲಾಯಿತು. ಯಾರೂ ಒಲೆ ಹಚ್ಚಿದ್ದನ್ನು ಅವರು ಕಂಡವರಲ್ಲ, ಆದರೂ ಕಾಫಿ ಬರುತ್ತಲೇ ಇತ್ತು. ಇಲ್ಲಿ ಒಲೆ ಆರುವುದೇ ಇಲ್ಲ, ಕಾಫಿ ಕೇಳಿದರೆ ಬೈಗುಳ ಬರುತ್ತದೆ. ಇಂಥ ತತ್ತ್ವವನ್ನೆಲ್ಲ ಯಾರಿಗೆ ಹೇಳುವುದು? ಹೇಳದಿದ್ದರೆ ಎದೆ ಒಡೆಯುವುದಿಲ್ಲವೆ?

ಹತ್ತು ಗಂಟೆಗೆ ಗುಬ್ಬಿಯವರು ಬಂದರು. ಹುಡುಗ ನಾಗಭೂಷಣ್, ಹೈಸ್ಕೂಲ್ ಮೇಷ್ಟ್ರು. ಅವನ ತಂದೆ ಸದಾಶಿವಯ್ಯ, ಕೊಬ್ಬರಿ ವ್ಯಾಪಾರಿ. ಜೊತೆಗೆ ಅಜ್ಜಿ ಸಿದ್ದಗಂಗಮ್ಮ. ಅಜ್ಜಿ ನೆಟ್ಟಗೆ ಒಳಗೆ ಹೋಗಿ ಅರ್ಧ ಗಂಟೆ ಶಿವಲೀಲಳ ಜೊತೆ ಮಾತಾಡಿ, ಬಂದು ಮೂಲೆಯ ಕುರ್ಚಿಯಲ್ಲಿ ಕೂತರು. ಉಪ್ಪಿಟ್ಟು, ಕೇಸರಿಬಾತು ಬಂತು. ಹುಡುಗಿಯೂ ಬಂದು ನಮಸ್ಕರಿಸಿ ಹೋದಳು. ಎಲ್ಲವೂ ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ನಡೆಯುತ್ತಿತ್ತು.

ಆಗ ಸದಾಶಿವಯ್ಯ ಎಲ್ಲ ಗಂಡಿನ ತಂದೆಯರೂ ಕೇಳುವ ಮಾತನ್ನೇ ಕೇಳಿದರು: "ನಿಮ್ಮ ಕಡೆ ಜನ ಎಲ್ಲ ಒಗ್ಗಟ್ಟಾಗಿದೀರಾ ಸ್ವಾಮಿ?"

ಒಗ್ಗಟ್ಟು! ಕಟ್ಟೆ ಒಡೆಯಲು ಅಷ್ಟೇ ಸಾಕಾಯಿತು.

"ಒಗ್ಗಟ್ಟಾ? ನಮ್ಮ ಪುಟ್ಟತಾಯಮ್ಮನ್ನ ನೋಡಿ ಕಲೀಬೇಕು ಸ್ವಾಮಿ! ಎಂಬತ್ತು ವರ್ಷ. ನಿನ್ನೆ ಸಂಜೆ ಇದ್ದ ಮನೆಗೆ ಬೀಗ ಜಡಿದು ಲಾರಿ ಹತ್ತಿ ಹೊರಟೇಬಿಟ್ರು!"

ಸದಾಶಿವಯ್ಯನವರ ಕೈಯ ಚಮಚ ನಿಂತಿತು. ಪಾಪ, ಅವರು ಮಂಡಿಯಿಂದ ಮನೆ ಸೇರುವುದು ಒಂಬತ್ತಕ್ಕೆ. ಟೀವಿಯ ಮುಖ ಕಂಡವರಲ್ಲ. "ಲಾರಿನಾ? ಯಾರ ಜೊತೆ?"

"ಬಾಡಿಗೆಯೋರ ಜೊತೆ! ಕೋಮಲಕ್ಕ ಇದಾಳಲ್ಲ, ಗಂಡನ್ನ ಮೂರು ಸಲ ಬಿಟ್ಟೋಳು? ಅವನನ್ನೇ ನಾಲ್ಕನೇ ಸಲ ಕಟ್ಕೊಂಡು ಅದೇ ಲಾರಿ ಹತ್ತಿದ್ಲು. ನಮ್ಮ ತಮ್ಮಯ್ಯಣ್ಣ ಸ್ಟೇಷನ್ನಿಂದ ಜಾಮೀನಿನ ಮೇಲೆ ನೇರ ಲಾರಿಗೇ ಬಂದ. ಏನ್ ಖುಷಿ ಅಂತೀರಾ! ನಾನಂತೂ ಅತ್ತುಬಿಟ್ಟೆ."

ಅಡುಗೆಮನೆಯ ಬಾಗಿಲಲ್ಲಿ ಗಂಗಾಂಬಿಕೆ ಎರಡೂ ಕೈ ಬೀಸತೊಡಗಿದರು. ಕೇಸರಿಬಾತು ಮುಗಿಯಿತು ಎನ್ನುತ್ತಿದ್ದಾಳೆಂದು ವೀರಭದ್ರಯ್ಯ ತಿಳಿದರು. ಮೂಲೆಯಲ್ಲಿ ಅಜ್ಜಿ ತಲೆ ತಗ್ಗಿಸಿ, ಎರಡು ಕಿವಿಯನ್ನೂ ಅಂಗೈಯಿಂದ ಮುಚ್ಚಿಕೊಂಡು ತೂಗಾಡುತ್ತಿದ್ದರು. ಪಾಪ, ಕಿವಿ ಮಂದವಿರಬೇಕೆಂದು ನಮ್ಮವರು ದನಿಯನ್ನು ಇನ್ನಷ್ಟು ಏರಿಸಿದರು. "ಕೇಳಿ ಅಜ್ಜೀ, ಪುಟ್ಟತಾಯಮ್ಮ ಲಾ...ರಿ ಹತ್ತಿದ್ರು!"

ಸದಾಶಿವಯ್ಯ ತಟ್ಟೆ ಕೆಳಗಿಟ್ಟು ಎದ್ದರು. "ಏಳೋ ನಾಗಭೂಷಣ. ಅವ್ವ ನೋಡು, ಕೇಳಕ್ಕಾಗದೆ ಕಿವಿ ಮುಚ್ಕೊಂಡವ್ಳೆ. ಜೈಲು, ಜಾಮೀನು, ಮುದುಕಿ ಓಡಿಹೋಗೋದು... ಇಂಥ ವಂಶದ ಸಹವಾಸ ನಮಗೆ ಬ್ಯಾಡ."

"ವಂಶ ಅಲ್ಲ, ಸೀರಿಯಲ್ಲು!" ಗಂಗಾಂಬಿಕೆ ಸೌಟಿನ ಸಮೇತ ನಡುಮನೆಗೆ ಧುಮುಕಿದರು. "ಟೀವಿ ಸೀರಿಯಲ್ಲು ಕಣಣ್ಣಾ! ನಮ್ಮ ವಂಶದಲ್ಲಿ ಲಾರಿ ಹತ್ತೋ ಧೈರ್ಯ ಯಾರಿಗೂ ಇಲ್ಲ!"

ಸದಾಶಿವಯ್ಯ ಒಂದು ಗಳಿಗೆ ಕಣ್ಣು ಪಿಳಿಪಿಳಿ ಬಿಟ್ಟರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾಗಭೂಷಣ್ ನಕ್ಕ. ವೀರಭದ್ರಯ್ಯನವರಂತೂ ಎಲ್ಲರಿಗಿಂತ ಜೋರಾಗಿ ನಕ್ಕರು.

ನಗದೆ ಇದ್ದವರು ಅಜ್ಜಿ ಒಬ್ಬರೇ. ನಿಧಾನವಾಗಿ ಕಿವಿಯಿಂದ ಕೈ ತೆಗೆದರು.

"ಏನಪ್ಪಾ, ನಗಾಡ್ತೀಯಾ? ನಿನ್ನೆ ಗುಬ್ಬೀಲಿ ಟ್ರಾನ್ಸ್‌ಫಾರ್ಮರ್ ಢಂ ಅಂತು. ಆರು ವರ್ಷ ಕಾದ ಕೊನೇ ಕಂತು ಕತ್ತಲಲ್ಲಿ ಹೋಯ್ತು. ಇವತ್ತು ನಾಲ್ಕು ಗಂಟೆಗೆ ಮತ್ತೆ ಹಾಕ್ತಾರೆ ಅಂತ ಜೀವ ಹಿಡ್ಕೊಂಡಿದ್ದೆ. ಬಸ್ಸಲ್ಲಿ ಇಬ್ರು ಹೆಂಗಸ್ರು ಮಾತೆತ್ತಿದ್ರು ಅಂತ ಕಿವಿಗೆ ಸೆರಗು ತುರುಕ್ಕೊಂಡು ಬಂದೆ. ನೀನು ಕೂಗಿ ಕೂಗಿ ಹೇಳ್ದಲ್ಲಯ್ಯಾ!"

ನಾಗಭೂಷಣ್ ಮೊದಲ ಬಾರಿಗೆ ಬಾಯಿ ಬಿಟ್ಟ: "ನಮ್ಮಜ್ಜಿ ಹೂಂ ಅನ್ನದೆ ನಮ್ಮ ತೋಟದಲ್ಲಿ ತೆಂಗಿನಕಾಯೂ ಕೀಳಲ್ಲ ಸಾರ್." ಅವನ ದನಿಯಲ್ಲಿ ಹುಡುಗಿ ತಪ್ಪಿಹೋದಳಲ್ಲ ಎಂಬ ಸಂಕಟವಿತ್ತು.

ಐದನೆಯದೂ ಹೋಯಿತು.

"ಮಗಾ, ಬಾ ಇಲ್ಲಿ" ಎಂದು ಅಜ್ಜಿ ಶಿವಲೀಲಳನ್ನು ಕರೆದರು. "ನೀನೂ ನಿನ್ನೆ ನೋಡಿದ್ಯಾ?"

"ನೋಡಿದೆ ಅಜ್ಜಿ."

"ಒಳಗೆ ಅರ್ಧ ಗಂಟೆ ನನ್ ಜೊತೆ ಕೂತಿದ್ದೆ. ಒಂದ್ ಮಾತೂ ಆಡ್ಲಿಲ್ವಲ್ಲ?"

"ನಿನ್ನೆ ಕರೆಂಟ್ ಇರ್ಲಿಲ್ಲ ಅಂತ ನೀವು ಬಂದ ತಕ್ಷಣ ಅಂದ್ರಲ್ಲ. ಅದಕ್ಕೇ ಕಷ್ಟಪಟ್ಟು ಸುಮ್ನಿದ್ದೆ."

ಅಜ್ಜಿ ಅವಳ ಗಲ್ಲ ಹಿಡಿದು ಲಟಿಕೆ ಮುರಿದರು. "ಸದಾಶಿವ, ಮಾತು ಹೊಟ್ಟೇಲಿ ಇಟ್ಕೊಳ್ಳೋ ಇಂಥ ಹುಡುಗಿ ಇಡೀ ತುಮಕೂರಲ್ಲಿ ಸಿಗಲ್ಲ ಬುಡು. ತಾಂಬೂಲ ಬದಲಾಯಿಸ್ರಿ. ಅಡುಗೆ ಇಲ್ಲೇ ಆಗ್ಲಿ, ನಾಲ್ಕು ಗಂಟೆಗೆ ಸೀರಿಯಲ್ಲೂ ಇಲ್ಲೇ ನೋಡ್ಕೊಂಡು ಹೋಗಾನ. ಆದ್ರೆ ಒಂದ್ ಕರಾರು. ಲಾರಿ ಎಲ್ಲಿಗೆ ಹೋಯ್ತು ಅಂತ ಅಷ್ಟರೊಳಗೆ ಈ ಬೀಗ್ರು ಬಾಯಿಬಿಟ್ರೋ, ತಾಂಬೂಲ ವಾಪಸ್ಸು!"

ಗಡಿಯಾರದಲ್ಲಿ ಹನ್ನೊಂದು ಗಂಟೆ. ವೀರಭದ್ರಯ್ಯನವರಿಗೆ ಆನಂದಬಾಷ್ಪ ಉಕ್ಕಿತು. ಕೈ ಮುಗಿದರು. "ಅಮ್ಮಾ, ನಿಮ್ಮಾಣೆಗೂ ಹೇಳಲ್ಲ! ಆ ಲಾರಿ ಸೀದಾ..."

ಅಜ್ಜಿ ಮಡಿಸಿಟ್ಟುಕೊಂಡಿದ್ದ ಎಲೆಅಡಿಕೆಯನ್ನು ಅವರ ತೆರೆದ ಬಾಯೊಳಕ್ಕೆ ಹೆಬ್ಬೆರಳಿನಿಂದ ಒತ್ತಿ ತುರುಕಿದರು. ಅವರು ಅಗಿದು ನುಂಗುವಷ್ಟರಲ್ಲಿ ಇನ್ನೊಂದು ಮಡಿಸಿ ಹಿಡಿದಿದ್ದರು.

"ಅಮ್ಮಾ," ಗಂಗಾಂಬಿಕೆ ತುಂಬು ಗೌರವದಿಂದ ಕೇಳಿದರು, "ನಾಲ್ಕು ಗಂಟೆವರೆಗೂ ಅಂದ್ರೆ ಒಂದು ಕಟ್ಟು ಎಲೆ ಸಾಕಾ, ಎರಡು ತರಿಸ್ಲಾ?"